ಜಮೀನಿನಿಂದ ಕೆರೆಗೆ ಸೇರುವ ಪೋಷಕಾಂಶಗಳು ಮತ್ತು ಹಳ್ಳದಂಚಿನ ಸಸ್ಯವರ್ಗ

ಜಮೀನಿಗೆ ಹಾಕಿದ ರಸಗೊಬ್ಬರವೆಲ್ಲವೂ ಬೆಳೆಗೆ ದಕ್ಕುವುದಿಲ್ಲ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದ್ದು, ಅದು ಮಣ್ಣಿನಲ್ಲಿ ನೈಟ್ರೇಟ್ ಆಗಿ ಮಾರ್ಪಟ್ಟು, ಬೆಳೆ ಹೀರದೆ ಉಳಿದ ಭಾಗವು ನೀರಿನೊಡನೆ ಅಂತರ್ಜಲಕ್ಕೆ ಇಳಿಯುತ್ತದೆ. ರಂಜಕವು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದರಿಂದ, ಮಳೆಗೆ ಕೊಚ್ಚಿಹೋಗುವ ಮೇಲ್ಮಣ್ಣಿನೊಡನೆ ಕೆರೆಯನ್ನು ಸೇರುತ್ತದೆ. ಅಲ್ಲಿ ಪಾಚಿ, ಅಂತರಗಂಗೆ ಹಬ್ಬಿ, ಅವು ಕೊಳೆಯುವಾಗ ಆಮ್ಲಜನಕ ಕುಂದಿ ಮೀನುಗಳು ಸಾಯುತ್ತವೆ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಪ್ರಮಾಣವು ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಲೀಟರಿಗೆ 45 ಮಿ.ಗ್ರಾಂ. ಮೀರತಕ್ಕದ್ದಲ್ಲ. ಇದು ಹಸುಗೂಸುಗಳಿಗೆ ವಿಶೇಷವಾಗಿ ಅಪಾಯಕಾರಿ. ನೀರನ್ನು ಕುದಿಸುವುದರಿಂದ ನೈಟ್ರೇಟ್ ನಿವಾರಣೆಯಾಗುವುದಿಲ್ಲ.

ಹಳ್ಳದ ಅಂಚಿನಲ್ಲಿ ತಾನಾಗಿ ಬೆಳೆದ ಹುಲ್ಲು, ಲಕ್ಕಿ, ಹೊಂಗೆ, ಜೊಂಡುಗಳನ್ನು ನಿರುಪಯುಕ್ತವೆಂದು ಸವರಿಹಾಕುವುದು ವಾಡಿಕೆಯಾಗಿದೆ. ವಾಸ್ತವವಾಗಿ ಇವು ಹರಿವಿನ ವೇಗವನ್ನು ತಗ್ಗಿಸಿ ಮಣ್ಣನ್ನು ಹಿಡಿದಿಡುತ್ತವೆ. ಬೇರುಗಳು ನೈಟ್ರೇಟನ್ನು ಹೀರುತ್ತವೆ, ತೇವದ ಮಣ್ಣಿನ ಸೂಕ್ಷ್ಮಾಣುಗಳು ಅದನ್ನು ಅನಿಲವಾಗಿ ಪರಿವರ್ತಿಸುತ್ತವೆ. ಆದರೆ ಕೊರಕಲಿನಲ್ಲಿ ಒಟ್ಟಾಗಿ ನುಗ್ಗುವ ನೀರನ್ನು ಇವು ತಡೆಯಲಾರವು. ಜಮೀನಿನಲ್ಲಿ ಬದುಗಳೂ ಇರಬೇಕು.

ಗೊಬ್ಬರದ ಪ್ರಮಾಣ ನಿರ್ಧರಿಸಲು ಮಣ್ಣು ಪರೀಕ್ಷೆ ಬಯಸುವ ರೈತರು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ಬದು, ಮರದ ಬುಡ ಹಾಗೂ ತಿಪ್ಪೆಯ ಸಮೀಪದಿಂದ ಮಣ್ಣಿನ ಮಾದರಿ ತೆಗೆಯಬಾರದು.