ಶಾಸ್ತ್ರಾಂತರಗಳಲ್ಲಿ ‘ವ್ಯವಹಾರ’ ಶಬ್ದ

ಹಸ್ತಪ್ರತಿಸೂಚಿಗಳಲ್ಲಿ ವಿಷಯನಿರ್ದೇಶ ಮಾಡುವವರು ‘ವ್ಯವಹಾರ’ ಎಂಬ ಪದವನ್ನು ಕಂಡಲ್ಲಿ ತುಸು ತಡೆದು ನೋಡಬೇಕು. ಮನುಸ್ಮೃತಿಯಲ್ಲಿ ವ್ಯವಹಾರಪದಗಳು 18, ಮೊದಲನೆಯದು ಋಣಾದಾನ. ಅಲ್ಲಿ ಅದು ನ್ಯಾಯಸಭೆಯ ಮಾತು. ಶ್ವೇತಾಂಬರರ ಛೇದಸೂತ್ರಗಳಲ್ಲೊಂದಾದ ವ್ಯವಹಾರಸೂತ್ರದಲ್ಲಾದರೋ ಮುನಿಸಂಘದ ಆಚಾರ, ಪ್ರಾಯಶ್ಚಿತ್ತಗಳ ವಿಚಾರವಿದೆ. ನಿಶ್ಚಯನಯಕ್ಕೆ ಪ್ರತಿಯಾದ ವ್ಯವಹಾರನಯವನ್ನು ಇಲ್ಲಿಯ ವಾಚಕರಿಗೆ ವಿವರಿಸಬೇಕಾಗಿಲ್ಲ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸು. ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿ ಇದೇ ಪದವು ಗಣಿತಪ್ರಕರಣಗಳ ಹೆಸರಾಗಿದೆ. ಅವುಗಳಲ್ಲಿ ಮಿಶ್ರಕವ್ಯವಹಾರವು ವಿಶೇಷ ಪರಿಶೀಲನೆಗೆ ಅರ್ಹವಾದುದು. ಯಾರಿಂದ ಎಷ್ಟು ಬಡ್ಡಿಯನ್ನು ಪಡೆಯಬಹುದೆಂದು ಸ್ಮೃತಿಕಾರರು ವಿಧಿಸಿದರೆ, ಮೂಲಧನ, ಕಾಲ, ವೃದ್ಧಿಗಳಲ್ಲಿ ತಿಳಿಯದಿರುವುದನ್ನು ಕಂಡುಹಿಡಿಯುವ ಕ್ರಮವನ್ನು ಆಚಾರ್ಯರು ಹೇಳುತ್ತಾರೆ. ಅವರ ಉದಾಹರಣೆಗಳ ದರಗಳನ್ನೇ ಅಂದಿನ ಪೇಟೆಯ ದರಗಳೆಂದು ಇತಿಹಾಸಕಾರರು ಹಿಡಿಯುವುದು ಸಾಧುವಲ್ಲ. ಲೆಕ್ಕದ ಅನುಕೂಲಕ್ಕಾಗಿ ಆರಿಸಿದವೂ ಅವುಗಳಲ್ಲಿ ಇರಬಹುದು. ಆದರೆ ಸಾಲದ ವಹಿವಾಟು ಶಾಸ್ತ್ರಪಾಠದ ವಿಷಯವಾಗಿತ್ತೆಂಬುದು ನಿಶ್ಚಿತ.

10ನೆಯ ಶತಮಾನದ ಸೋಮದೇವಸೂರಿಗಳ ನೀತಿವಾಕ್ಯಾಮೃತದಲ್ಲಿ ವ್ಯವಹಾರಸಮುದ್ದೇಶ, ವಿವಾದಸಮುದ್ದೇಶಗಳು ಬೇರೆ ಬೇರೆ. ಸಭೆ, ಸಾಕ್ಷಿಗಳ ಪ್ರಸ್ತಾಪವಿರುವುದು ವಿವಾದದಲ್ಲಿ. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ರಚಿಸಿದನು. ಆದ್ಯಂತಗಳು ಲುಪ್ತವಾದ ಓಲೆಯ ಕಟ್ಟೊಂದನ್ನು ಈ ಪದಮಾತ್ರದಿಂದ ‘ಧರ್ಮಶಾಸ್ತ್ರ’ವೆಂದು ನಮೂದಿಸಿಬಿಟ್ಟರೆ, ಗಣಿತದ ಅಭ್ಯಾಸಿಯು ಅದನ್ನು ಬಿಚ್ಚಿ ನೋಡುವ ಸಂಭವವೇ ಇಲ್ಲ.