ಲೆಕ್ಕ ಹಾಕಿ ಹಿಡಿದ ಬಾವಿ

ಇವತ್ತಿನ ಎಪಿಸೋಡ್ ಐದು ಸಂಖ್ಯೆಗಳಿಂದ ಶುರು. 168, 32, 16, 6, 1. ಬಸ್ಸಲ್ಲಿ ಕೂತು ಕೇಳ್ತಿರೋರು ಫೋನಲ್ಲಿ ಟೈಪ್ ಮಾಡಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಇದು ನಮ್ಮ ದೇಶದ ಒಂದು ಹಳ್ಳಿಯ ಲೆಕ್ಕ. ಒಟ್ಟು 223 ಮನೆ. ಅಲ್ಲಿಗೆ ಕಾಲರಾ ಬಂತು, ಹಳಬರ ಮಾತಲ್ಲಿ ವಾಂತಿಭೇದಿ. 168 ಮನೆಗಳಲ್ಲಿ ಯಾರಿಗೂ ಏನೂ ಆಗಲಿಲ್ಲ. 32 ಮನೆಗಳಲ್ಲಿ ಒಬ್ಬೊಬ್ಬರು ಮಲಗಿದರು. 16 ಮನೆಗಳಲ್ಲಿ ಇಬ್ಬಿಬ್ಬರು, 6 ಮನೆಗಳಲ್ಲಿ ಮೂರು ಮೂರು ಜನ, ಒಂದು ಮನೆಯಲ್ಲಿ ನಾಲ್ವರು. ಕೂಡಿಸಿದರೆ 86 ಮಂದಿ. ಈ ಅಂಕಿಗಳು ಅಚ್ಚಾಗಿದ್ದು 1926ರಲ್ಲಿ, ಎಡಿನ್‌ಬರೋದ ಗಣಿತ ಸಂಘದ ಪತ್ರಿಕೆಯಲ್ಲಿ. ಬರೆದವರು ಆಂಡರ್ಸನ್ ಮೆಕೆಂಡ್ರಿಕ್. ಓದಿದ್ದು ವೈದ್ಯಕೀಯ, ಕೆಲಸ ಮಾಡಿದ್ದು ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ. ಡಾಕ್ಟರಿಗೆ ಗಣಿತ ಪತ್ರಿಕೆಯಲ್ಲಿ ಏನು ಕೆಲಸ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು, ನಮ್ಮ ಬೆಂಗಳೂರಿನ ದಂಡಿಗೆ.

ರೊನಾಲ್ಡ್ ರಾಸ್ ಹೆಸರು ಕೇಳಿರ್ತೀರಿ. ಮಲೇರಿಯಾ ಹರಡೋದು ಸೊಳ್ಳೆ ಅಂತ ತೋರಿಸಿ 1902ರಲ್ಲಿ ನೊಬೆಲ್ ಪಡೆದವರು. ಸಿಕಂದರಾಬಾದಿನ ಕಥೆ ಎಲ್ಲರಿಗೂ ಗೊತ್ತು, ಬೆಂಗಳೂರಿನದು ಅಷ್ಟಾಗಿ ಗೊತ್ತಿಲ್ಲ. 1883ರಲ್ಲಿ ಅವರು ಇಲ್ಲಿ ಮಿಲಿಟರಿ ಡಾಕ್ಟರ್. ಬಂಗಲೆ ತುಂಬ ಸೊಳ್ಳೆ. ನೋಡಿದರೆ ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲೇ ಮರಿಗಳು. ತೊಟ್ಟಿ ಮಗುಚಿ ಹಾಕಿದರು, ಸೊಳ್ಳೆ ಕಮ್ಮಿಯಾಯ್ತು. 1895ರಲ್ಲಿ ಸರ್ಕಾರ ಅವರನ್ನು ಮತ್ತೆ ಬೆಂಗಳೂರಿಗೆ ಕಳಿಸಿತು. ಈ ಸಲ ಕಾಲರಾ ತಡೆಯೋ ಡ್ಯೂಟಿ. ಮೈಕ್ರೋಸ್ಕೋಪ್ ಪಕ್ಕಕ್ಕಿಟ್ಟು ಬಾವಿ, ಚರಂಡಿಗಳ ಹಿಂದೆ ಓಡಾಡಬೇಕಾಯ್ತು.

ಆಗಿನ ಕಾಲದಲ್ಲಿ ಮಲೇರಿಯಾ ಮೇಲೂ ನೀರಿನದೇ ಅನುಮಾನ. ರಾಸ್ ಅವರ ಗುರು ಪ್ಯಾಟ್ರಿಕ್ ಮ್ಯಾನ್ಸನ್, ಸೊಳ್ಳೆ ನೀರಲ್ಲಿ ಸಾಯುತ್ತೆ, ಆ ನೀರು ಕುಡಿದವರಿಗೆ ಜ್ವರ ಬರುತ್ತೆ ಅಂತ ನಂಬಿದ್ದರು. ಅದನ್ನು ಪರೀಕ್ಷೆ ಮಾಡೋಕೆ ರಾಸ್ 1895ರಲ್ಲಿ ಅಂಥ ನೀರನ್ನ ಲಕ್ಷ್ಮಣ ಅನ್ನೋ ಒಬ್ಬ ಮನುಷ್ಯನಿಗೆ ಕುಡಿಸಿದರು. ಅವನಿಗೆ ಸ್ವಲ್ಪ ಜ್ವರ ಬಂತು, ರಕ್ತದಲ್ಲಿ ಮಲೇರಿಯಾ ಪರೋಪಜೀವಿ ಮಾತ್ರ ಕಾಣಲಿಲ್ಲ. ಇದನ್ನ ಓದಿದಾಗ ನನಗೆ ಸಿಟ್ಟೇ ಬಂತು. ನೊಬೆಲ್ ಕಥೆ ಹೇಳುವಾಗ ಈ ಲೋಟವನ್ನೂ ಹೇಳಬೇಕು ಅನ್ನೋದು ನನ್ನ ಹಠ.

ಮಲೇರಿಯಾಕ್ಕೆ ಔಷಧಿ ಏನೋ ಇತ್ತು. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ ತೆಗೆಯೋ ಕ್ವಿನೈನ್. ಬ್ರಿಟಿಷರು ಆ ಮರವನ್ನ 1860ರ ದಶಕದಲ್ಲೇ ನೀಲಗಿರಿಗೆ ತಂದು ನೆಟ್ಟಿದ್ದರು. ಆದರೆ ರಾಸ್ ಅವರ ವಾದ, ಬರೀ ಔಷಧಿ ಸಾಲದು, ಸೊಳ್ಳೆ ಕಮ್ಮಿ ಮಾಡಬೇಕು ಅಂತ. ಅದಕ್ಕೆ ಎದುರು ಮಾತು ರೆಡಿ ಇತ್ತು: ‘ಎಲ್ಲಾ ಸೊಳ್ಳೆ ಸಾಯಿಸೋಕೆ ಆಗುತ್ತೇನ್ರೀ?’ ರಾಸ್ ಗಣಿತದ ಹುಚ್ಚಿನವರು, ಅದನ್ನ ತಾವೇ ಕಲಿತವರು. 1908ರ ಮಾರಿಷಸ್ ವರದಿಯಲ್ಲಿ, ಆಮೇಲೆ 1911ರ ಪುಸ್ತಕದಲ್ಲಿ ಸಮೀಕರಣ ಬರೆದು ತೋರಿಸಿದರು. ಎಲ್ಲಾ ಸೊಳ್ಳೆ ಸಾಯಬೇಕಿಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಸಾಕು, ರೋಗ ತಾನಾಗೇ ಆರುತ್ತೆ.

1901ರಲ್ಲಿ ಇದೇ ರಾಸ್ ಮಲೇರಿಯಾ ಕೆಲಸಕ್ಕೆ ಸಿಯೆರಾ ಲಿಯೋನ್‌ಗೆ ಹೋದಾಗ ಜೊತೆಗಿದ್ದ ಹುಡುಗ ಡಾಕ್ಟರ್ ಮೆಕೆಂಡ್ರಿಕ್. ಗಣಿತದ ಹುಚ್ಚು ಅವರಿಗೂ ಹತ್ತಿತು. ಆಮೇಲೆ ಭಾರತದಲ್ಲಿ ವರ್ಷಾನುಗಟ್ಟಲೆ ಕೆಲಸ, ಕಸೌಲಿಯ ಪಾಶ್ಚರ್ ಇನ್‌ಸ್ಟಿಟ್ಯೂಟಿನ ನಿರ್ದೇಶಕ ಹುದ್ದೆ. 1920ರಲ್ಲಿ ಕಾಯಿಲೆ ಬಿದ್ದು ಊರಿಗೆ ವಾಪಸ್.

ಈಗ ನಮ್ಮ ಐದು ಸಂಖ್ಯೆ ತೆಗೀರಿ. ಊರಿನ ಅಷ್ಟೂ ಮನೆಗೆ ಅಪಾಯ ಒಂದೇ ಥರ ಇತ್ತು ಅಂದ್ಕೊಳ್ಳಿ. 86 ಕೇಸುಗಳನ್ನ 223 ಮನೆಗಳ ಮೇಲೆ ಅಕ್ಷತೆ ಥರ ಎರಚಿದರೆ ಹೇಗೆ ಬೀಳಬೇಕು? ಒಂದೊಂದೇ ಕೇಸ್ ಇರೋ ಮನೆ 58ರ ಹತ್ತಿರ ಇರಬೇಕು, ಇರೋದು 32. ಮೂರು ಕೇಸಿನ ಮನೆ ಒಂದೋ ಎರಡೋ ಇರಬೇಕು, ಇರೋದು 6. ಏನೂ ಆಗದ ಮನೆಗಳೂ ಇರಬೇಕಾದ್ದಕ್ಕಿಂತ ಜಾಸ್ತಿ. ಬಿಕಾಂ ಓದಿದ ನನಗೆ ಇದು ಆಡಿಟ್ ವಾಸನೆ. ಟ್ಯಾಲಿ ಆಗದ ಪುಸ್ತಕದಲ್ಲಿ ಎರಡು ಬೇರೆ ಬೇರೆ ಖಾತೆ ಕಲಸಿಹೋಗಿರ್ತವೆ.

ಮೆಕೆಂಡ್ರಿಕ್ ಮಾಡಿದ್ದು ಚಂದದ ಕೆಲಸ. 168ನ್ನ ಕೈಯಿಂದ ಮುಚ್ಚಿಬಿಟ್ಟರು. ರೋಗ ಬಂದ 55 ಮನೆಗಳಷ್ಟೇ ಇಟ್ಕೊಂಡು, ನಿಜವಾಗಿ ಅಪಾಯದಲ್ಲಿದ್ದ ಮನೆ ಎಷ್ಟು ಅಂತ ಕೇಳಿದರು. ನೀವೇ ಮಾಡಿ ನೋಡಿ. ಪ್ರತಿ ಮನೆಯ ಕೇಸಿನ ಸಂಖ್ಯೆಯನ್ನ ಅದಕ್ಕಿಂತ ಒಂದು ಕಮ್ಮಿ ಇರೋ ಸಂಖ್ಯೆಯಿಂದ ಗುಣಿಸಿ. ಒಂದು ಕೇಸಿನ ಮನೆಗಳಿಂದ ಸೊನ್ನೆ ಬರುತ್ತೆ. ಎರಡು ಕೇಸಿನ 16 ಮನೆಯಿಂದ 32, ಮೂರು ಕೇಸಿನ 6 ಮನೆಯಿಂದ 36, ನಾಲ್ಕರ ಒಂದು ಮನೆಯಿಂದ 12. ಒಟ್ಟು 80. ಈಗ 86ನ್ನ 86ರಿಂದ ಗುಣಿಸಿ 80ರಿಂದ ಭಾಗಿಸಿ. ಬಂತಾ? 92.45. ಅಂದರೆ ಸುಮಾರು 93 ಮನೆ.

ಇನ್ನೂ ಮಜಾ ಇದೆ. 86 ಕೇಸುಗಳನ್ನ ಅಷ್ಟೇ ಮನೆಗಳ ಮೇಲೆ ಎರಚಿದರೆ 34, 16, 5, 1 ಅಂತ ಬರುತ್ತೆ. ನಿಜವಾದ ಲೆಕ್ಕ 32, 16, 6, 1. ಸರಿಯಾಗಿ ಕೂತ್ಕೊಳ್ತು.

ಅವರು ತೆಗೆದ ತೀರ್ಮಾನ ಇಷ್ಟು: ರೋಗ ನೀರಿನಿಂದ ಬಂದಿರಬೇಕು, ಊರಲ್ಲಿ ಹಲವು ಬಾವಿಗಳಿರಬೇಕು, ಅದರಲ್ಲಿ ಕೆಟ್ಟಿದ್ದು ಒಂದು, ಅದರ ನೀರು ಕುಡಿದಿದ್ದು 93 ಮನೆಯವರು. ಸ್ಥಳದಲ್ಲಿ ವಿಚಾರಿಸಿದಾಗ ಹಾಗೇ ಇತ್ತು ಅಂತ ಪ್ರಬಂಧ ಹೇಳುತ್ತೆ. ಲಂಡನ್ನಿನ ಜಾನ್ ಸ್ನೋ 1854ರಲ್ಲಿ ಕಾಲರಾ ಪಂಪ್ ಹಿಡಿಯೋಕೆ ಬೀದಿ ಬೀದಿ ಸುತ್ತಿದ್ದರು, ಆಮೇಲೆ ನಕ್ಷೆಯನ್ನೂ ಬರೆದರು. ಇಲ್ಲಿ ನಕ್ಷೆಯೇ ಇಲ್ಲ. ಮನೆ ಎಲ್ಲಿದೆ ಅಂತಲೂ ಗೊತ್ತಿಲ್ಲದೆ ಬಾವಿ ಸಿಕ್ಕಿತು. ಆ 93ರಲ್ಲಿ 37-38 ಮನೆಯವರು ಅದೇ ನೀರು ಕುಡಿದೂ ಪಾರಾದವರು. ಉಳಿದ 130 ಮನೆಯವರ ನೀರೇ ಬೇರೆ.

ಯಾಕೆ ಬೇರೆ? ಪ್ರಬಂಧದಲ್ಲಿ ಆ ಪ್ರಶ್ನೆ ಇಲ್ಲ. ದೂರ ಇರಬಹುದು, ಅನುಕೂಲ ಇರಬಹುದು. ಆದರೆ ಯಾವ ಬಾವಿ ಯಾರದು ಅಂತ ಜಾತಿ ಹೇಳ್ತಿದ್ದ ಕಾಲ ಅದು. ಈ ಪ್ರಬಂಧ ಬಂದ ಮರುವರ್ಷ, 1927ರ ಮಾರ್ಚ್‌ನಲ್ಲಿ, ಅಂಬೇಡ್ಕರ್ ಮಹಾಡ್‌ನ ಕೆರೆಗೆ ಸಾವಿರಾರು ಜನರ ಜೊತೆ ಹೋಗಿ ನೀರು ಕುಡಿದರು. ‘ಹಲವು ಬಾವಿಗಳಿರಬೇಕು’ ಅನ್ನೋ ಮಾತನ್ನ ನಾನಂತೂ ಬರೀ ಗಣಿತ ಅಂತ ಓದಲಾರೆ. ನೀರಿನ ವಿಷಯ ಮುಗಿದ ಕಥೆಯೂ ಅಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದು ನೆನಪಿರಬೇಕು.

ಅದೇ 1927ರಲ್ಲಿ ಮೆಕೆಂಡ್ರಿಕ್ ಇನ್ನೊಂದು ಪ್ರಬಂಧ ಬರೆದರು, ವಿಲಿಯಂ ಕರ್ಮ್ಯಾಕ್ ಅನ್ನೋ ರಸಾಯನ ವಿಜ್ಞಾನಿ ಜೊತೆ. 1924ರಲ್ಲಿ ಪ್ರಯೋಗಾಲಯದ ಅವಘಡದಲ್ಲಿ ಕಣ್ಣು ಕಳ್ಕೊಂಡಿದ್ದ ಕರ್ಮ್ಯಾಕ್‌ಗೆ ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ರೋಗ ತಗಲಬಹುದಾದವರು, ತಗಲಿದವರು, ಪಾರಾದವರು ಅಂತ ಊರನ್ನ ಮೂರು ಪಾಲು ಮಾಡೋ ಆ ಮಾದರಿಯ ಸಂತತಿಯೇ ಕೋವಿಡ್ ಟೈಮಲ್ಲಿ ಟಿವಿಯಲ್ಲಿ ದಿನಾ ಕಂಡ ಕರ್ವ್‌ಗಳು.

ಅದು ಪ್ರಸಿದ್ಧವಾಯ್ತು. 1926ರದ್ದನ್ನ ಮಾತ್ರ ದಶಕಗಳ ಕಾಲ ಹೆಚ್ಚು ಜನ ಕಣ್ಣೆತ್ತಿ ನೋಡಲಿಲ್ಲ. ಆಮೇಲೆ ಸಂಖ್ಯಾಶಾಸ್ತ್ರದವರು ಹುಡುಕಿ ತೆಗೆದರು, ಈಗ ಆ ಐದು ಸಂಖ್ಯೆ ಪಾಠಗಳಲ್ಲಿ ಉದಾಹರಣೆ. 86 ಜನರಲ್ಲಿ ಬದುಕಿದ್ದು ಎಷ್ಟು ಮಂದಿ ಅನ್ನೋದು ಆ ಸಂಖ್ಯೆಗಳಲ್ಲಿ ಇಲ್ಲ.

ಮುಂದಿನ ವಾರ ಸಿಂಕೋನಾ ತೊಗಟೆ, ನೀಲಗಿರಿಗೆ ಹೇಗೆ ಬಂತು ಅಂತ. ಸಿಗೋಣ.