ಬೆಂಗಳೂರಿನ ಹಳೆಯ ಕಾರಾಗೃಹವೂ ಕಾವಲುಗಾರರ ಕಾವಲೂ

ಬಂಧನಸ್ಥಾನಕ್ಕೆ ಕನ್ನಡದಲ್ಲಿರುವ ಹೆಸರುಗಳನ್ನು ಒಂದೆಡೆ ಇಟ್ಟು ನೋಡಿದರೆ ಈ ನಾಡಿಗೆ ಬಂದುಹೋದ ಪ್ರಭುತ್ವಗಳ ಗುರುತು ಅಲ್ಲಿ ಕಾಣುವುದು. ‘ಸೆರೆ’ ದೇಶ್ಯ, ಹಳಗನ್ನಡದಲ್ಲಿ ಶಕಟರೇಫದಿಂದ ‘ಸೆಱೆ’ ಎಂದಿದ್ದುದು. ‘ಕಾರಾಗೃಹ’ ಸಂಸ್ಕೃತ. ‘ಬಂದೀಖಾನೆ’ಯ ಪೂರ್ವಪದವನ್ನು ಸಂಸ್ಕೃತವೂ ಪಾರಸಿಯೂ ತಮ್ಮದೆನ್ನಬಹುದಾದರೂ ಉತ್ತರಪದವು ನಿಸ್ಸಂದೇಹವಾಗಿ ಪಾರಸಿಯದು. ‘ತುರಂಗ’ವು ಪೋರ್ಚುಗೀಸರ ‘ತ್ರೋಂಕೊ’ ಎಂಬುದರಿಂದ ಪಡುವಣ ಕರಾವಳಿಯ ಭಾಷೆಗಳ ಮೂಲಕ ಬಂದುದು. ಇದಕ್ಕೂ ಸಂಸ್ಕೃತದ ಅಶ್ವವಾಚಕಕ್ಕೂ ನಂಟು ಕಲ್ಪಿಸುವುದು ವಿನೋದಕ್ಕೆ ಮಾತ್ರ ಸಲ್ಲುವುದು. ‘ಜೈಲು’ ಇಂಗ್ಲಿಷರದು. ಹೆಸರುಗಳು ಹೀಗೆ ಮಾರ್ಪಟ್ಟವು. ಒಳಗಿನ ಆಡಳಿತವು ಎಷ್ಟರಮಟ್ಟಿಗೆ ಮಾರ್ಪಟ್ಟಿತೆಂಬುದೇ ವಿಚಾರಾರ್ಹವಾದುದು.

ಬೆಂಗಳೂರಿನ ಸೆಂಟ್ರಲ್ ಜೈಲು ಮೈಸೂರು ಸೀಮೆಯು ಕಮಿಷನರರ ಆಡಳಿತದಲ್ಲಿದ್ದಾಗ, 1860ರ ದಶಕದಲ್ಲಿ, ಬೌರಿಂಗನ ಕಾಲದಲ್ಲಿ ನಿರ್ಮಿತವಾಯಿತು. ಅದಕ್ಕೆ ಕಾಲು ಶತಮಾನದಷ್ಟು ಹಿಂದೆಯೇ ಮೆಕಾಲೆಯು ಸದಸ್ಯನಾಗಿದ್ದ ಸಮಿತಿಯೊಂದು 1838ರಲ್ಲಿ ವರದಿಯನ್ನೊಪ್ಪಿಸಿ, ದೀರ್ಘಾವಧಿಯ ಅಪರಾಧಿಗಳಿಗಾಗಿ ಕೇಂದ್ರ ಕಾರಾಗೃಹಗಳನ್ನು ಕಟ್ಟಬೇಕೆಂದೂ ಅವರನ್ನು ರಸ್ತೆಯ ಕೂಲಿಗೆ ಹಚ್ಚುವ ಪದ್ಧತಿಯನ್ನು ನಿಲ್ಲಿಸಬೇಕೆಂದೂ ಸೂಚಿಸಿತ್ತು. ಈ ಕಟ್ಟಡವು ಆ ವಿಚಾರಸರಣಿಗೆ ಸೇರಿದುದು. ಮಧ್ಯದಲ್ಲಿ ಒಂದು ಕಾವಲುಗೋಪುರ. ಅದರ ಸುತ್ತ ಚಕ್ರದ ಅರಗಳಂತೆ ಹಬ್ಬಿದ ಬಂದಿಗಳ ಶಾಲೆಗಳು. ಒಬ್ಬನು ನಡುವೆ ನಿಂತು ಎಲ್ಲರನ್ನೂ ನೋಡಬಲ್ಲನೆಂಬುದು ಇದರ ತತ್ತ್ವ. ಬೆಂಥಮ್ಮನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ರತಿಪಾದಿಸಿದ ಯೋಜನೆಗೆ ಇದು ಸಮೀಪವಾದುದು. ಆದರೆ ಗೋಪುರದ ಮೇಲಿರುವವನನ್ನು ನೋಡುವವರು ಯಾರೆಂಬ ಪ್ರಶ್ನೆಗೆ ಶಿಲ್ಪಿಯ ನಕ್ಷೆಯಲ್ಲಿ ಉತ್ತರವಿಲ್ಲ.

ಈ ಪ್ರಶ್ನೆಯು ನಮ್ಮ ಪ್ರಾಚೀನ ಶಾಸ್ತ್ರಕಾರರಿಗೆ ಹೊಳೆಯದೆ ಇದ್ದುದಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ತಾಳೆಯ ಪ್ರತಿಯಿಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಂಧನಾಗಾರವನ್ನು ಕಟ್ಟಿಸುವುದು ಸನ್ನಿಧಾತೃವಿನ ಕರ್ತವ್ಯವೆಂದು ಹೇಳಿದೆ. ಅಲ್ಲಿ ಸ್ತ್ರೀಪುರುಷರಿಗೆ ಬೇರೆ ಬೇರೆ ಸ್ಥಳಗಳಿರಬೇಕು. ದಿನಕ್ಕೊಮ್ಮೆಯಾಗಲಿ ಐದು ದಿನಗಳಿಗೊಮ್ಮೆಯಾಗಲಿ ಬಂಧನದಲ್ಲಿರುವವರ ವಿಚಾರಣೆಯಾಗಿ, ಕೆಲಸದಿಂದಲೋ ದೇಹದಂಡದಿಂದಲೋ ಹಣದಿಂದಲೋ ಅವರ ಋಣವು ತೀರಬೇಕು. ರಾಜನ ಜನ್ಮನಕ್ಷತ್ರದಲ್ಲಿಯೂ ಹುಣ್ಣಿಮೆಯಲ್ಲಿಯೂ ಬಾಲರು, ವೃದ್ಧರು, ರೋಗಿಗಳು, ಅನಾಥರು ಇವರಿಗೆ ಬಿಡುಗಡೆ. ಇವೆಲ್ಲಕ್ಕಿಂತಲೂ ಗಮನಾರ್ಹವಾದುದು ಕಂಟಕಶೋಧನಾಧಿಕರಣದ ವಿಧಿ. ಬಂದಿಗೆ ಅನ್ನಪಾನಗಳನ್ನು ತಡೆದ ಅಧಿಕಾರಿಗೆ 96 ಪಣಗಳ ದಂಡ. ಹಿಂಸಿಸಿದವನಿಗೆ ಮಧ್ಯಮ ಸಾಹಸದಂಡ. ಕೊಂದವನಿಗೆ ಸಾವಿರ ಪಣ. ಬಂಧನಾಗಾರದ ಅಧ್ಯಕ್ಷನನ್ನೇ ರಾಜ್ಯದ ಕಂಟಕಗಳ ಪ್ರಕರಣದಲ್ಲಿ ಸೇರಿಸಿರುವುದು ಅರ್ಥಶಾಸ್ತ್ರಕಾರನ ಲೋಕಾನುಭವಕ್ಕೆ ಸಾಕ್ಷಿಯಾಗಿದೆ. ದೇಹದಂಡವನ್ನೂ ವಿಧಿಸುವ ಆತನನ್ನು ಕರುಣಾಳುವೆಂದು ಹೊಗಳಬೇಕಾಗಿಲ್ಲ. ಆತನು ಅಧಿಕಾರಿಗಳನ್ನು ನಂಬಲಿಲ್ಲ, ಅಷ್ಟೆ.

ಅಶೋಕನ ಪ್ರತ್ಯೇಕ ಶಾಸನದಲ್ಲಿಯೂ ಇದೇ ಶಂಕೆ ಬೇರೊಂದು ಧ್ವನಿಯಲ್ಲಿದೆ. ನಿಷ್ಕಾರಣವಾಗಿ ಒಬ್ಬನು ಬಂಧನವನ್ನೂ ಕ್ಲೇಶವನ್ನೂ ಹೊಂದುವುದಾದರೆ ಅದು ನಗರದ ನ್ಯಾಯಾಧಿಕಾರಿಗಳ ಅಸೂಯೆ, ಕೋಪ, ಆತುರ, ಆಲಸ್ಯಗಳ ಫಲವೆಂಬುದು ಅದರ ತಾತ್ಪರ್ಯ. ಈ ಶಾಸನವು ಕಳಿಂಗದ ಧೌಲಿ, ಜೌಗಡಗಳದೆಂದೇ ಬಹುಕಾಲ ಪ್ರಸಿದ್ಧವಾಗಿದ್ದಿತು. 1989ರಲ್ಲಿ ಭೀಮಾತೀರದ ಸನ್ನತಿಯ ಚಂದ್ರಲಾಂಬಾ ದೇವಾಲಯದಲ್ಲಿ ದೊರೆತ ಶಿಲಾಫಲಕದ ಮೇಲೆ ಪ್ರತ್ಯೇಕ ಶಾಸನಗಳ ಭಾಗಗಳು ಕಂಡುಬಂದುದರಿಂದ, ಈ ಆಜ್ಞೆಯು ಕನ್ನಡನಾಡಿನ ನೆಲದಲ್ಲಿಯೂ ಸಾರಲ್ಪಟ್ಟಿದ್ದುದು ಸಿದ್ಧವಾಯಿತು.

ಮರಳಿ ಬೆಂಗಳೂರಿಗೆ ಬರೋಣ. ಆ ಗೋಡೆಗಳ ಒಳಗೆ ಕಳ್ಳರು, ಕೊಲೆಗಾರರು ಮಾತ್ರವೇ ಇದ್ದರೆಂದು ಭಾವಿಸುವುದು ಚರಿತ್ರೆಗೆ ಅಪಚಾರ. ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು 1943ರ ಮಾರ್ಚಿಯಲ್ಲಿ ಇಲ್ಲಿಯೇ ಗಲ್ಲಿಗೇರಿಸಿದರು. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಇಲ್ಲಿ ಬಂಧಿತರಾಗಿದ್ದರು. ನಟಿ ಸ್ನೇಹಲತಾ ರೆಡ್ಡಿಯವರು ಇಲ್ಲಿಯೇ ಉಬ್ಬಸರೋಗದಿಂದ ಬಳಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

1956ರಲ್ಲಿ ರಾಜ್ಯವು ಒಂದುಗೂಡಿದಾಗ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳ ಕಟ್ಟಳೆಗಳು ಜೊತೆಗೆ ಬಂದವು. 1963ರ ಅಧಿನಿಯಮವೂ 1974ರ ನಿಯಮಗಳೂ ಇವುಗಳ ಸ್ಥಾನದಲ್ಲಿ ಏಕರೂಪತೆಯನ್ನು ತಂದವು. ಇದು ಲೇಖನದ ಮೇಲಿನ ಸುಧಾರಣೆ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಗೋಡೆಯನ್ನೇ ನೆಚ್ಚದ ಬಯಲು ಬಂದೀಖಾನೆಯೂ ಏರ್ಪಟ್ಟಿತು.

ಒಳಗಿನ ಸ್ಥಿತಿಯು ಬಯಲಿಗೆ ಬಂದುದು ಒಂದು ಕಾಗದದಿಂದ. 1984ರಲ್ಲಿ ಇಲ್ಲಿಯ ಬಂದಿಯೊಬ್ಬನು, ಊಟವು ತಿನ್ನುವಂತಿಲ್ಲವೆಂದೂ, ಹಿಂಸೆ ನಡೆಯುವುದೆಂದೂ, ದುಡಿದುದಕ್ಕೆ ನ್ಯಾಯವಾದ ಕೂಲಿ ಸಲ್ಲುತ್ತಿಲ್ಲವೆಂದೂ ಭಾರತದ ಮುಖ್ಯ ನ್ಯಾಯಾಧೀಶರಿಗೆ ಬರೆದನು. ಸರ್ವೋಚ್ಚ ನ್ಯಾಯಾಲಯವು ಆ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿತು. ಜಿಲ್ಲಾ ನ್ಯಾಯಾಧೀಶರು ಕಾರಾಗೃಹವನ್ನು ಕಂಡು ವರದಿಯಿತ್ತರು. ನ್ಯಾಯಮೂರ್ತಿ ಹನ್ಸಾರಿಯಾ ಅವರು ಬರೆದ ತೀರ್ಪು 1996ರ ಡಿಸೆಂಬರಿನಲ್ಲಿ ಬಂದಿತು. ಜನಸಂದಣಿ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣಿಕೆ, ಅನ್ನವಸ್ತ್ರಗಳ ಕೊರತೆ ಮುಂತಾಗಿ ಒಂಬತ್ತು ದೋಷಗಳು ಅದರಲ್ಲಿ ವಿಚಾರಿತವಾಗಿವೆ. ಸಂದರ್ಶಕರ ಭೇಟಿಯನ್ನು ಕ್ರಮಪಡಿಸುವುದು ಅವುಗಳಲ್ಲಿ ಒಂದು. 1894ರ ಕಾಯಿದೆಯು ನೂರು ವರ್ಷ ಹಳೆಯದಾಯಿತೆಂದೂ, ದೇಶಕ್ಕೆಲ್ಲ ಹೊಸ ಕೈಪಿಡಿ ಬೇಕೆಂದೂ ನ್ಯಾಯಾಲಯವು ಹೇಳಿತು. 2003ರ ಮಾದರಿ ಕೈಪಿಡಿಯು ತರುವಾಯದ ಫಲ. ಬಂಧನದಲ್ಲಿರುವವರ ವಿಚಾರಣೆಯು ಐದು ದಿನಗಳಿಗೊಮ್ಮೆಯಾದರೂ ಆಗಬೇಕೆಂದು ಕೌಟಿಲ್ಯನು ಬಯಸಿದ್ದನು. ಇಲ್ಲಿ ಹನ್ನೆರಡು ವರ್ಷಗಳು ಹಿಡಿದವು. ಕಾಗದವು ಗೋಡೆಯನ್ನು ದಾಟಿ ಹೋಗಲು ಸಾಧ್ಯವಾಯಿತೆಂಬುದನ್ನು ಮಾತ್ರ ಹೊಸ ಕಾಲದ ಪಾಲಿಗೆ ಜಮಾ ಹಿಡಿಯಬೇಕು.

2000ದಲ್ಲಿ ಕಾರಾಗೃಹವು ಪರಪ್ಪನ ಅಗ್ರಹಾರಕ್ಕೆ ವರ್ಗವಾಯಿತು. ಹಳೆಯ ನೆಲದಲ್ಲಿ 2008ರಲ್ಲಿ ಫ್ರೀಡಂ ಪಾರ್ಕು ತೆರೆಯಿತು; ಗೋಪುರವನ್ನು ಉಳಿಸಿದ್ದಾರೆ. ಇಲಾಖೆಯ ಹೆಸರಿಗೆ ‘ಸುಧಾರಣಾ ಸೇವೆಗಳು’ ಎಂಬುದು ಸೇರಿತು. ವೇದವಿದರಿಗೆ ದತ್ತಿಯಾಗಿ ಬಿಟ್ಟ ಊರು ಎಂಬುದು ‘ಅಗ್ರಹಾರ’ದ ಅರ್ಥವಾಗಿದ್ದರೂ, ಬಸವನಗುಡಿ, ಮಲ್ಲೇಶ್ವರಗಳ ಮಾತಿನಲ್ಲಿ ಈಗ ‘ಪರಪ್ಪನ ಅಗ್ರಹಾರಕ್ಕೆ ಹೋದನು’ ಎಂದರೆ ಸೆರೆಗೆ ಹೋದನೆಂದೇ ತಿಳಿಯುವುದು.